ಕಲ್ಲೆಲ್ಲೋಯ್ತು ಮಗಾ?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಈ ವಾರವೆಲ್ಲ ಒಂದೇ ಆಡಿಯೊದ ಸುದ್ದಿ. ದೊಡ್ಡಮ್ಮ ರಾಗಿ ಬೀಸುತ್ತಾ ಹಾಡಿದ ಪದ. 'ಸೂಪರ್ ಕ್ಲಾರಿಟಿ', 'ಸ್ಟುಡಿಯೋ ಥರ ಇದೆ ಕಣೋ', ಕೈಮುಗಿದ ಚಿತ್ರಗಳು, ಚಪ್ಪಾಳೆ. ರೆಕಾರ್ಡ್ ಮಾಡಿದವನು ದೊಡ್ಡಮ್ಮನ ಮೊಮ್ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಎಂಬತ್ತು ದಾಟಿದ ಅಜ್ಜಿಯ ಪದಗಳನ್ನು ಈಗಲೇ ಹಿಡಿದಿಟ್ಟುಕೊಳ್ಳಬೇಕು ಅಂತ ಇಷ್ಟು ದೊಡ್ಡ ಸಂಸಾರದಲ್ಲಿ ಹೊಳೆದದ್ದು ಅವನೊಬ್ಬನಿಗೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಉಂಡು ಹೋಗುವ ನಮ್ಮ ಅಣ್ಣತಮ್ಮಂದಿರಿಗೆ ಹೊಳೆದಿರಲಿಲ್ಲ. ಹಾಗಾಗಿ ಮುಂದೆ ಬರೆಯುವುದನ್ನು ಯಾರೂ ಅವನ ಮೇಲಿನ ದೂರು ಅಂತ ಓದಬಾರದು.

ಭಾನುವಾರ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅವನೂ ಬಂದಿದ್ದ. ಅಜ್ಜಿಯ ಪದವನ್ನು ಅಜ್ಜಿಗೇ ಕೇಳಿಸಬೇಕು ಅಂತ ಅವನಿಗೆ ಆಸೆ. ದೊಡ್ಡಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಮೊದಲ ನುಡಿ ಮುಗಿಯಿತು. ಎರಡನೆಯದೂ ಮುಗಿಯಿತು. ಕಿವಿಯಿಂದ ತೆಗೆದು ಫೋನಿನ ಹಿಂದು ಮುಂದು ನೋಡಿದಳು.

"ಕಲ್ಲೆಲ್ಲೋಯ್ತು ಮಗಾ?"

"ಅದು ನಾಯ್ಸ್ ಅಜ್ಜಿ, ತೆಗ್ದುಬಿಟ್ಟೈತೆ. ಈಗ ನಿನ್ ವಾಯ್ಸ್ ಎಷ್ಟ್ ಕ್ಲಿಯರಾಗಿ ಕೇಳ್ತೈತೆ ನೋಡು."

"ಕಲ್ಲಿಲ್ದೆ ನಾನ್ಯಾಕ್ಲಾ ಹಾಡ್ತಿದ್ದೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಹುಡುಗ ನನ್ನ ಮುಖ ನೋಡಿದ. ಆ ಮಾತು ಅವತ್ತಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಕಲ್ಲಿಲ್ಲದೆ ನಾನ್ಯಾಕೆ ಹಾಡ್ತಿದ್ದೆ ಅಂತ ದೊಡ್ಡಮ್ಮ ಮತ್ತೆ ಮತ್ತೆ ಕೇಳುತ್ತಾಳೆ.

ಕಲ್ಲು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಉತ್ತರವಿದೆ. ನಮ್ಮ ಫೋನುಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮೈಕು ಇರುತ್ತವೆ. ಚಾರ್ಜರ್ ಚುಚ್ಚುವ ತುದಿಯಲ್ಲಿರುವುದು ಬಾಯಿಗೆ ಹತ್ತಿರದ್ದು, ಮೇಲಿನ ತುದಿಯದು ಸುತ್ತಲಿನ ಸದ್ದಿಗೆ. ಎರಡನ್ನೂ ತಾಳೆ ನೋಡಿ, ಬಾಯಿಂದ ಬಂದದ್ದು ಯಾವುದು, ಸುತ್ತಮುತ್ತಲಿಂದ ಬಂದದ್ದು ಯಾವುದು ಅಂತ ಫೋನು ಲೆಕ್ಕ ಹಾಕುತ್ತದೆ. ಅದರ ಜೊತೆಗೆ ಇನ್ನೊಂದು ಲೆಕ್ಕ: ಏರಿಳಿತವಿಲ್ಲದೆ ಒಂದೇ ಸಮ ಬರುತ್ತಿರುವ ಸದ್ದು ಮಾತಲ್ಲ, ಕಳೆದುಬಿಡು. ಮೆಜೆಸ್ಟಿಕ್ಕಿನಲ್ಲಿ ಬಸ್ಸುಗಳ ನಡುವೆ ನಿಂತು ಮಾತಾಡಿದರೂ ಊರಿನಲ್ಲಿರುವ ಅಮ್ಮನಿಗೆ ಕೇಳಬೇಕಲ್ಲ, ಅದಕ್ಕಾಗಿ ಮಾಡಿದ ಏರ್ಪಾಡು. ಆ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ರಾಗಿಕಲ್ಲಿನ ಸದ್ದು ಒಂದೇ ಸಮ ಬರುವಂಥದ್ದು. ಪ್ರತಿ ಸಾಲಿನ ಕೊನೆಗೆ ದೊಡ್ಡಮ್ಮ ಎಳೆಯುವ ದನಿಯೂ ಹೆಚ್ಚುಕಡಿಮೆ ಅಂಥದ್ದೇ. ಕಲ್ಲು ಪೂರ್ತಿ ಹೋಯಿತು, ಎಳೆದ ದನಿ ಅರ್ಧಕ್ಕೇ ಕರಗಿತು. ಕೊರೋನಾ ಕಾಲದಲ್ಲಿ ವೀಡಿಯೊ ಕಾಲ್ ಮೇಲೆ ಸಂಗೀತ ಪಾಠ ಹೇಳಿದವರಿಗೆ ಇದು ಗೊತ್ತು. ಮೇಷ್ಟ್ರು ಶ್ರುತಿಪೆಟ್ಟಿಗೆ ಹಾಕಿದ್ದರೂ ಮಕ್ಕಳಿಗೆ ಶ್ರುತಿಯೇ ಕೇಳುತ್ತಿರಲಿಲ್ಲ.

ಹುಡುಗ ಅಲ್ಲಿಗೂ ಬಿಡದೆ ಫೈಲನ್ನು ಇನ್ನೊಂದು ಆ್ಯಪಿಗೆ ಹಾಕಿ ತೊಳೆದಿದ್ದ. ಆಮೇಲೆ ಉಳಿದದ್ದು ಬರೀ ಗಂಟಲು. ಸಾಲು ಸಾಲಿನ ನಡುವೆ ಪೂರಾ ಮೌನ. ನನ್ನನ್ನು ನಿಜಕ್ಕೂ ಕಲಕಿದ್ದು ಗುಂಪಿನಲ್ಲಿ ಬಂದ ಒಂದು ಸಂದೇಶ. 'ಪಾಪ ವಯಸ್ಸಾಯ್ತು, ನಡುನಡುವೆ ಪದ ಮರೆತು ನಿಲ್ಲಿಸ್ತಾರೆ' ಅಂತ ನಮ್ಮ ಬಂಧುವೊಬ್ಬರು ಬರೆದಿದ್ದರು. ದೊಡ್ಡಮ್ಮ ಒಂದು ಅಕ್ಷರವನ್ನೂ ಮರೆತಿರಲಿಲ್ಲ. ಆ ಜಾಗದಲ್ಲಿ ಕಲ್ಲು ಸುತ್ತುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳುವಾಗ ಪದವನ್ನು ಮುಂದಕ್ಕೆ ಒಯ್ಯುತ್ತಿದ್ದದ್ದು ಕಲ್ಲು. ಕಲ್ಲನ್ನು ಅಳಿಸಿದ ಕೂಡಲೇ ಗಟ್ಟಿಮುಟ್ಟಾದ ಹೆಂಗಸು ಮರೆವಿನ ಮುದುಕಿಯಾಗಿ ಕೇಳಿಸಿದಳು.

ನನಗೂ ಫೋನ್ ರೆಕಾರ್ಡಿಂಗಿಗೂ ನಂಟು ಹಳೆಯದು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ಕಳಿಸುವ ಕೆಲಸ ಇಟ್ಟುಕೊಂಡಿದ್ದೇನೆ. ಅಲ್ಲಿ ಮಾತೊಂದೇ ಮುಖ್ಯ, ಬೇರೆ ಎಲ್ಲವೂ ಅಡ್ಡಿ. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಮುಂದೆ ಕೂರುತ್ತೇನೆ, ಹಿಂದೆ ಕಂಬಳಿ ನೇತುಹಾಕುತ್ತೇನೆ, ಗೋಡೆಗೆ ಬಡಿದು ವಾಪಸು ಬರುವ ದನಿಯನ್ನು ಅವು ನುಂಗುತ್ತವೆ. ಫೋನನ್ನು ಬಾಯಿಂದ ಒಂದು ಗೇಣು ದೂರ, ನೇರಕ್ಕಲ್ಲ, ಸ್ವಲ್ಪ ಓರೆಗೆ. ನೇರಕ್ಕಿಟ್ಟರೆ 'ಪ', 'ಭ' ಬಂದಾಗಲೆಲ್ಲ ಉಸಿರು ಬಡಿದು ಡಬ್ ಅನ್ನುತ್ತದೆ. ದೂರ ಒಂದಿಷ್ಟು ಹೆಚ್ಚಾದರೂ ಫರಕು ಗೊತ್ತಾಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ; ಕೋಣೆಯೊಳಗೆ ದನಿ ಇಳಿದಷ್ಟೂ ಗೋಡೆಯ ಮಾರ್ದನಿ ಮೇಲೇಳುತ್ತದೆ. ಮೈಕಿನ ಸಣ್ಣ ತೂತಿನಲ್ಲಿ ಧೂಳು ಕೂತಿದ್ದರೆ, ಫೋನಿನ ಕವರು ಅದನ್ನು ಅರ್ಧ ಮುಚ್ಚಿದ್ದರೆ ಯಾವ ಆ್ಯಪೂ ಕೆಲಸಕ್ಕೆ ಬರುವುದಿಲ್ಲ.

ಈ ಸಲ ಬೇಕಾದದ್ದು ದನಿಯೂ ಹೌದು, ಕಲ್ಲೂ ಹೌದು. ದೊಡ್ಡಮ್ಮನೇ ಹೇಳಿದಳು, "ನಾಳೆ ಕೋಳಿ ಕೂಗೋ ಹೊತ್ಗೆ ಕೂತ್ಕತೀನಿ, ಸರ್ಯಾಗಿ ಹಿಡ್ಕಳಿ." ಹೊತ್ತನ್ನೂ ಅವಳೇ ಸರಿಯಾಗಿ ಆರಿಸಿದ್ದಳು. ಬೆಳಗಾದರೆ ಬೈಕು, ಹಾಲಿನ ಗಾಡಿ, ತ್ರೀ ಫೇಸ್ ಕರೆಂಟು ಬಂದರೆ ಬೋರ್‌ವೆಲ್ ಮೋಟಾರು. ಮೊದಲಿನ ರೆಕಾರ್ಡಿಂಗನ್ನು ಹೊಸ ಮನೆಯ ಹಾಲಿನಲ್ಲಿ, ಕಲ್ಲನ್ನು ಅಲ್ಲಿಗೆ ಸಾಗಿಸಿ ಮಾಡಿದ್ದರು. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಒಂದು ಚಪ್ಪಾಳೆ ತಟ್ಟಿದರೆ ಹಾಲೆಲ್ಲ ಗಣಗಣ ಅನ್ನುತ್ತದೆ. ನಾವು ಹಳೇ ಮನೆಯ ನಡುಮನೆಗೆ ಹೋದೆವು. ಮಣ್ಣಿನ ಗೋಡೆ, ಸಾಲಾಗಿ ರಾಗಿ ಚೀಲಗಳು. ಅಲ್ಲಿ ಚಪ್ಪಾಳೆ ತಟ್ಟಿದರೆ ಚಪ್ಪಾಳೆ ಅಷ್ಟೇ ಕೇಳುತ್ತದೆ.

ಹುಡುಗ ಕಾಲರ್ ಮೈಕು ತಂದಿದ್ದ, ಸೆರಗಿಗೆ ಸಿಕ್ಕಿಸೋಣ ಅಂದ. ಬೇಡ ಅಂದೆ. ತೋಳು ತಿರುಗುವಾಗಲೆಲ್ಲ ಸೆರಗು ಅದಕ್ಕೆ ಉಜ್ಜುತ್ತದೆ, ಮತ್ತೆ ಅದು ಗಂಟಲನ್ನೇ ಮುಂದೆ ಮಾಡುತ್ತದೆ. ರಾಗಿ ಚೀಲದ ಮೇಲೆ ಟವಲು ಮಡಿಸಿ, ಅದರ ಮೇಲೆ ಫೋನಿಟ್ಟೆವು. ನೆಲಕ್ಕಿಟ್ಟರೆ ಕಲ್ಲಿನ ಅದುರು ನೆಲದಿಂದಲೇ ಫೋನಿಗೆ ಏರುತ್ತದೆ, ಅದು ಗುಡುಗಾಗಿ ಕೇಳುತ್ತದೆ. ಅವಳ ಬಾಯಿಗೆ ಒಂದು ಮೊಳ, ಕಲ್ಲಿಗೆ ಅದಕ್ಕಿಂತ ತುಸು ಹೆಚ್ಚು. ಫೋನು ಏರೋಪ್ಲೇನ್ ಮೋಡಿನಲ್ಲಿ. ಸುತ್ತಲಿನ ಸದ್ದು ಕಳೆಯುವ ನಾಯ್ಸ್ ಸಪ್ರೆಶನ್, ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಗೇನ್ ಎರಡನ್ನೂ ಆಫ್ ಮಾಡಲು ಬಿಡುವ ರೆಕಾರ್ಡರ್ ಆ್ಯಪು. ಆಂಡ್ರಾಯ್ಡ್ 7ರಿಂದ ಈಚೆಗೆ ಮೈಕಿಗೆ ಬಿದ್ದದ್ದನ್ನು ಏನೂ ತಿದ್ದದೆ ಆ್ಯಪಿಗೆ ಕೊಡುವ ದಾರಿ ಇದೆ, ಎಲ್ಲ ಫೋನಿನಲ್ಲೂ ಇಲ್ಲ, ಇವನದರಲ್ಲಿ ಇತ್ತು. ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ ಫೈಲು, 48 ಕಿಲೋಹರ್ಟ್ಸ್, 16 ಬಿಟ್, ಮೊನೊ. ನಿಮಿಷಕ್ಕೆ 6 ಎಂಬಿಯ ಹತ್ತಿರ ಜಾಗ ತಿನ್ನುತ್ತದೆ, ತಿನ್ನಲಿ. ಅತಿ ಜೋರಿನ ಸದ್ದಿಗೂ ಮುಳ್ಳು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಳಿಸಿದೆವು. ಸೊನ್ನೆ ಅಂದರೆ ಫೋನು ಹಿಡಿಯಬಲ್ಲ ಕೊನೆಯ ಮಿತಿ, ಅದಕ್ಕೆ ಬಡಿದರೆ ದನಿಯ ತಲೆ ಕತ್ತರಿಸಿದಂತಾಗಿ ಒಡೆಯುತ್ತದೆ, ಅದನ್ನು ಆಮೇಲೆ ಸರಿಮಾಡುವುದು ಕಷ್ಟ. ಕಮ್ಮಿ ಇದ್ದರೆ ಆಮೇಲೆ ಏರಿಸಿಕೊಳ್ಳಬಹುದು.

ಶುರುವಿನಲ್ಲಿ ಹೆಸರು, ಊರು, ತಾರೀಕು ಹೇಳಿಸಿದೆ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯವರಿಗಾಗಿ ಹಾಡಿದ ಗೌಹರ್ ಜಾನ್ ಪದದ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ರೆಕಾರ್ಡಿಂಗಿಗೆ ಕರೆಂಟಿನ ಮೈಕು ಇನ್ನೂ ಬಂದಿರಲಿಲ್ಲ, ದೊಡ್ಡ ಕಹಳೆಯಂಥ ಕೊಳವೆಗೆ ಬಾಯಿಕೊಟ್ಟು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಇವತ್ತಿಗೂ ಆ ತಟ್ಟೆಗಳಲ್ಲಿ ಯಾರು ಹಾಡಿದ್ದು ಅಂತ ಅವಳ ಬಾಯಿಂದಲೇ ಕೇಳಬಹುದು. ದೊಡ್ಡಮ್ಮನೂ ಗಟ್ಟಿಯಾಗಿ ತನ್ನ ಹೆಸರು ಹೇಳಿದಳು, ಗಂಡನ ಹೆಸರು ಹೇಳದೆ, ತನ್ನ ತೌರೂರಿನ ಹೆಸರು ಸೇರಿಸಿ. ನಾನು ಹೇಳಿಕೊಟ್ಟಿರಲಿಲ್ಲ.

ಆಮೇಲೆ ಒಂದು ಹಿಡಿ ರಾಗಿ ಹಾಕಿ ಗೂಟ ಹಿಡಿದಳು. ಒಂದು ಕಾಲು ಚಾಚಿ, ಒಂದು ಮಡಿಸಿ. ಮೊದಲ ಸುತ್ತುಗಳಲ್ಲಿ ಕಲ್ಲು ಗರಗರ ಅಂದಿತು. ಹಿಟ್ಟು ಕೂತ ಮೇಲೆ ಸದ್ದು ದಪ್ಪವಾಯಿತು, ಬಳೆ ಒಂದೇ ಲೆಕ್ಕದಲ್ಲಿ ಬೀಳತೊಡಗಿತು. ಆಗಷ್ಟೇ ಪದ ಎತ್ತಿದಳು. ತೋಳು ತನ್ನ ಕಡೆ ಬಂದಾಗ ಉಸಿರು, ಆಚೆ ಹೋದಾಗ ಸಾಲು. ಮೊದಲ ನುಡಿ ಕಲ್ಲಿಗೇ, ತಾಯಿ ಅಂತ ಕರೆದು. ಕಲ್ಲನ್ನು ಕರೆದು ಹಾಡುವ ಪದದಿಂದಲೇ ಕಲ್ಲನ್ನು ತೆಗೆದುಹಾಕಿದ್ದು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫೋನೊಂದನ್ನೇ ದೂರಿ ಪ್ರಯೋಜನವಿಲ್ಲ. 1930ರ ಆಸುಪಾಸಿನಲ್ಲಿ ಹಲಸಂಗಿ ಗೆಳೆಯರು ಅನ್ನುವ ಬರಹಗಾರರ ಗುಂಪಿನವರು ಇಂಥ ಪದಗಳನ್ನು ಊರೂರು ಅಲೆದು ಬರೆದುಕೊಳ್ಳದೆ ಇದ್ದಿದ್ದರೆ ಎಷ್ಟೋ ತ್ರಿಪದಿಗಳು ನಮಗೆ ಉಳಿಯುತ್ತಿರಲಿಲ್ಲ. ಅವರ ಕೈಲಿದ್ದದ್ದು ಕಾಗದ, ಮಾತು ಉಳಿಯಿತು. ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ಹಿತ್ತಲು ಸೇರಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದು ಒಳ್ಳೆಯದಾಯಿತು. ಆಮೇಲೆ ಬೀಸೋ ಪದ ವೇದಿಕೆ ಹತ್ತಿತು. ಕೀಬೋರ್ಡು, ತಬಲಾ, ಜರಿ ಸೀರೆ. ಚೆನ್ನಾಗಿ ಹಾಡುವವರಿದ್ದಾರೆ, ನಾನೂ ಕೂತು ಕೇಳಿದ್ದೇನೆ. ಆದರೆ ಆ ಹಾಡುಗಳಲ್ಲಿ ಯಾರಿಗೂ ತೋಳು ನೋಯುವುದಿಲ್ಲ. ಪದ ನಮಗೆಲ್ಲ ಬೇಕು, ಅದನ್ನು ಹಾಡಿಸಿದ ದುಡಿಮೆ ಹಿನ್ನೆಲೆಯ ಗದ್ದಲವಾಗಿ ಹೋಗಿದೆ. ಮನೆಯೊಳಗೂ ಹಾಗೆಯೇ. ದೊಡ್ಡಮ್ಮನ ಕೈರುಚಿ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಆ ಹಿಟ್ಟು ಎಷ್ಟು ಹೊತ್ತಿಗೆ ಎದ್ದು ಬೀಸಿದ್ದು ಅಂತ ಕೇಳಿದವರನ್ನು ನಾನು ನೋಡಿಲ್ಲ. ಅವಳ ಸ್ವಂತ ಗಂಡುಮಕ್ಕಳೂ ಕೇಳಿದವರಲ್ಲ.

ಹೊಸ ಫೈಲನ್ನು ದೊಡ್ಡಮ್ಮನಿಗೆ ಕೇಳಿಸಿದೆವು. ಹೆಡ್‌ಫೋನು ಅವಳ ಕಿವಿಗೆ ಹಾಕಿದೆ, ಫೋನಿನ ಪುಟ್ಟ ಸ್ಪೀಕರಿಗೆ ಕಲ್ಲಿನ ತಗ್ಗು ದನಿ ಎಟುಕುವುದಿಲ್ಲ. ಈ ಸಲ ಪೂರ್ತಿ ಕೇಳಿದಳು, ತೊಡೆಯ ಮೇಲೆ ಬಲಗೈ ಸುತ್ತುತ್ತಿತ್ತು. ಮುಗಿದ ಮೇಲೆ ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕಲ್ಲು ನುಣ್ಗಾಗೈತೆ ಕಣವ್ವ. ಜಾರ್ತೈತೆ, ಅರೀತಿಲ್ಲ. ಕುಟ್ಟಿಸ್ಬೇಕು."

ಬೀಸುವಾಗ ಗೊತ್ತಾಗಲಿಲ್ಲವಾ ಅಂದೆ. ಬೀಸುವಾಗ ಕೈ ನೋಡಿಕೊಳ್ಳುತ್ತಿದ್ದೆ, ಈಗ ಕಿವಿಗೆ ಬಿಡುವಾಯಿತು ಅಂದಳು. ಹುಡುಗ ಎದ್ದು ಹೋಗಿ ಮೇಲ್ಗಲ್ಲು ಎತ್ತಿ ಅಡಿಯಲ್ಲಿ ಬೆರಳಾಡಿಸಿ ಬಂದು ನನಗೆ ಹೇಳಿದ, "ಹೌದು ಅತ್ತೆ, ಗಾಜಿನ ಥರ ಆಗಿದೆ." ಗುಂಪಿಗೆ ಹಾಕಿದ್ದ ಹಳೆಯ ಆಡಿಯೊವನ್ನು ಅವನೇ ಅಳಿಸಿದ, ಹೊಸದನ್ನು ಡಾಕ್ಯುಮೆಂಟ್ ಆಗಿ ಕಳಿಸಿದ. ವಾಯ್ಸ್ ಮೆಸೇಜಾಗಿ ಕಳಿಸಿದರೆ ಮತ್ತೆ ಕುಗ್ಗಿಸಿ ಹಿಂಡಿಬಿಡುತ್ತದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ದೊಡ್ಡಮ್ಮನ ಟ್ರಂಕಿನಲ್ಲಿದೆ, ಇನ್ನೊಂದು ನನ್ನ ಹತ್ತಿರ. ಮರೆವಿನ ಮಾತು ಬರೆದವರಿಗೆ ಮಾತ್ರ ನಾನೇ ಫೋನ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ ಅಂದೆ.

ಇನ್ನೂ ಒಂದು ದೊಡ್ಡ ಪದ ಬಾಕಿ ಇದೆ. ಅದನ್ನು ಒಬ್ಬಳೇ ಹಾಡಕ್ಕಾಗಲ್ಲ ಅನ್ನುತ್ತಾಳೆ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು, ಒಬ್ಬರು ಎತ್ತಿಕೊಡುವುದು, ಇನ್ನೊಬ್ಬರು ಮುಂದುವರಿಸುವುದು. ಜೊತೆಗಾತಿ ಪಕ್ಕದ ಊರಿನಲ್ಲಿ ಇನ್ನೂ ಇದ್ದಾಳಂತೆ, ಹೇಳಿ ಕಳಿಸಿದರೆ ಬರುತ್ತಾಳಂತೆ. ಕಲ್ಲು ಕುಟ್ಟಿ ಮತ್ತೆ ಒರಟು ಮಾಡಿಕೊಡುವವರನ್ನು ಹುಡುಕುವ ಕೆಲಸ ಹುಡುಗನದು. ಇಬ್ಬರು ಕೂತರೆ ಫೋನು ಎಲ್ಲಿಡುವುದು ಅನ್ನುವುದೇ ಈಗ ನಮ್ಮಿಬ್ಬರ ವಾದ. ಒಬ್ಬೊಬ್ಬರ ಪಕ್ಕ ಒಂದೊಂದು ಫೋನಿಟ್ಟು ಆಮೇಲೆ ಕೂಡಿಸೋಣ ಅನ್ನುತ್ತಾನೆ ಅವನು. ಒಂದೇ ಫೋನನ್ನು ತೊಲೆಗೆ ಹಗ್ಗ ಕಟ್ಟಿ, ಕಲ್ಲಿನ ನೆತ್ತಿಯ ಮೇಲೆ, ಇಬ್ಬರ ಬಾಯಿಗೂ ಸಮನಾಗುವಷ್ಟು ಇಳಿಬಿಡೋಣ ಅನ್ನುತ್ತೇನೆ ನಾನು.