ಶುಲ್ಕವಿಲ್ಲದ ವಿಶ್ವವಿದ್ಯಾಲಯವೂ ತಿಂಗಳ ಖರ್ಚೂ

ಯುರೋಪಿನ ಉನ್ನತ ಶಿಕ್ಷಣದ ಮಾತು ಬಂದಾಗಲೆಲ್ಲ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚರ್ಚೆ ಶುಲ್ಕದಿಂದ ಶುರುವಾಗಿ ಶುಲ್ಕದಲ್ಲೇ ಮುಗಿಯುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ, ಇಂಗ್ಲೆಂಡಿನಲ್ಲಿ ವರ್ಷಕ್ಕೆ ಒಂಬತ್ತು ಸಾವಿರ ಪೌಂಡಿಗೂ ಮೇಲೆ. ಇವೆರಡರಲ್ಲಿ ಯಾವುದು ನ್ಯಾಯ ಎಂಬುದೇ ವಾದದ ವಿಷಯ. ತುಮಕೂರಿನಲ್ಲಿ ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಮಾಡುವ ನನಗೆ, ಈ ವಾದದಲ್ಲಿ ತಿಂಗಳ ಖರ್ಚಿನ ಲೆಕ್ಕ ಸದಾ ಬಿಟ್ಟುಹೋಗುತ್ತಿದೆ ಎನಿಸುತ್ತದೆ. ಊಟ, ವಸತಿ, ಓಡಾಟ ಈ ಮೂರು ನಡೆಯದಿದ್ದರೆ ಬಡವರ ಮನೆಯ ಮಕ್ಕಳು ಪ್ರವೇಶ ಪಡೆದರೂ ಪದವಿ ಮುಗಿಸುವುದು ಕಷ್ಟ.

ನನ್ನ ಸಹೋದ್ಯೋಗಿಯೊಬ್ಬರು ಇಂಗ್ಲೆಂಡಿನ ಪರ. ಓದಿದವನು ಮುಂದೆ ಹೆಚ್ಚು ಸಂಪಾದಿಸುತ್ತಾನೆ, ಅವನ ಓದಿಗೆ ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರ ಯಾಕೆ ತೆರಿಗೆ ಕಟ್ಟಬೇಕು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. 1962ರ ಕಾಯ್ದೆಯ ಪ್ರಕಾರ ಅಲ್ಲಿನ ಸ್ಥಳೀಯ ಆಡಳಿತಗಳು ಅರ್ಹ ವಿದ್ಯಾರ್ಥಿಗಳ ಶುಲ್ಕವನ್ನು ಭರಿಸಿ ಜೀವನ ವೆಚ್ಚಕ್ಕೂ ಅನುದಾನ ಕೊಡುತ್ತಿದ್ದವು. 1998ರಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗಿನ ಶುಲ್ಕ ಬಂತು, 2006ರಲ್ಲಿ ಅದರ ಮಿತಿ 3,000ಕ್ಕೆ ಏರಿತು, 2010ರ ಕೊನೆಯಲ್ಲಿ ಲಂಡನ್ನಿನ ಬೀದಿಗಳಲ್ಲಿ ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆ ನಡೆಸಿದರೂ 2012ರಿಂದ 9,000 ಪೌಂಡ್‌ವರೆಗಿನ ಶುಲ್ಕ ಜಾರಿಗೆ ಬಂತು. ಇಷ್ಟನ್ನೂ ಮೊದಲೇ ಕೈಯಿಂದ ಕಟ್ಟಬೇಕಾಗಿಲ್ಲ ಎಂಬುದು ನಿಜ. ಸರ್ಕಾರದ ಸಾಲ ಸಿಗುತ್ತದೆ, ಆದಾಯ ಒಂದು ಮಿತಿಯನ್ನು ದಾಟಿದ ಮೇಲೆ ದಾಟಿದ ಭಾಗದ ಶೇಕಡ 9ರಷ್ಟನ್ನು ಕಟ್ಟುತ್ತಾ ಹೋಗಬೇಕು, ನಿಗದಿತ ವರ್ಷಗಳ ನಂತರ ಉಳಿದ ಸಾಲ ಮನ್ನಾ ಆಗುತ್ತದೆ. ಹದಿನೆಂಟರ ವಯಸ್ಸಿನ ಬಡ ಮಕ್ಕಳು ಇದಕ್ಕೆ ಹೆದರಿ ವಿಶ್ವವಿದ್ಯಾಲಯವನ್ನು ಬಿಟ್ಟುಬಿಡಲಿಲ್ಲ ಎಂದು ಅವರು ಹೇಳುವುದನ್ನೂ ಒಪ್ಪುತ್ತೇನೆ.

ಆದರೆ ಅದೇ ವ್ಯವಸ್ಥೆಯಲ್ಲಿ ಇನ್ನೆರಡು ಸಂಗತಿಗಳು ನಡೆದವು. ಕೆಲಸ ಮಾಡಿಕೊಂಡು ಅರೆಕಾಲಿಕವಾಗಿ ಓದುತ್ತಿದ್ದ, ವಯಸ್ಸಿನಲ್ಲಿ ದೊಡ್ಡವರಾದ ವಿದ್ಯಾರ್ಥಿಗಳ ಸಂಖ್ಯೆ 2012ರ ನಂತರ ತೀವ್ರವಾಗಿ ಕುಸಿಯಿತು. ಸಂಸಾರ ನಡೆಸುತ್ತಿರುವವರು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ನೂರು ಸಲ ಯೋಚಿಸುತ್ತಾರೆ. ಎರಡನೆಯದು ನನ್ನನ್ನು ಹೆಚ್ಚು ಕಾಡುವ ಸಂಗತಿ. 2016ರಲ್ಲಿ ಇಂಗ್ಲೆಂಡ್, ಬಡ ಕುಟುಂಬದ ಮಕ್ಕಳಿಗೆ ಜೀವನ ವೆಚ್ಚಕ್ಕೆಂದು ಕೊಡುತ್ತಿದ್ದ ಅನುದಾನವನ್ನು ಹೊಸಬರಿಗೆ ನಿಲ್ಲಿಸಿ ಅದನ್ನೂ ಸಾಲವಾಗಿ ಮಾರ್ಪಡಿಸಿತು. ಮನೆಯಿಂದ ಹಣ ತರಿಸಿಕೊಳ್ಳಬಲ್ಲವನು ಕಡಿಮೆ ಸಾಲದಲ್ಲಿ ಪದವಿ ಮುಗಿಸಿದರೆ, ತಾಯಿತಂದೆಯ ಕೈ ಬರಿದಾಗಿರುವವನು ಅದೇ ಪದವಿಗೆ ಎಲ್ಲರಿಗಿಂತ ದೊಡ್ಡ ಸಾಲ ಹೊತ್ತು ಹೊರಬರುತ್ತಾನೆ. ಕೂಲಿಕಾರನ ಪರವಾಗಿ ಹೂಡಿದ ವಾದ ಕೊನೆಗೆ ಕೂಲಿಕಾರನ ಮಗನ ತಲೆಯ ಮೇಲೆಯೇ ಬಂದು ಕೂತಿತು.

ನೆದರ್‌ಲ್ಯಾಂಡ್ಸ್ ಕೂಡ 2015ರಲ್ಲಿ ಇದೇ ದಾರಿ ಹಿಡಿದು, ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಮೂಲ ಸಹಾಯಧನವನ್ನು ರದ್ದುಮಾಡಿತು. ಉಳಿಯುವ ಹಣವನ್ನು ಶಿಕ್ಷಣದ ಗುಣಮಟ್ಟಕ್ಕೆ ಹಾಕುತ್ತೇವೆ ಎಂದಿತು. ಮನೆ ಬಿಟ್ಟು ಬೇರೆ ಊರಿನಲ್ಲಿ ಓದುವವರು ಕಡಿಮೆಯಾದರು, ಸಾಲ ಬೆಳೆಯಿತು, 2023ರಲ್ಲಿ ಸಹಾಯಧನ ಮರಳಿ ಬಂತು. ನಡುವಿನ ಆ ವರ್ಷಗಳಲ್ಲಿ ಓದಿದವರು ಈಗಲೂ ನ್ಯಾಯ ಕೇಳುತ್ತಿದ್ದಾರೆ, ಅವರ ಕೋಪ ಸಹಜವಾದದ್ದು.

ಹಾಗಾದರೆ ಜರ್ಮನಿ? 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರಾಜ್ಯಗಳು ಶುಲ್ಕ ವಿಧಿಸಬಹುದು ಎಂದ ಮೇಲೆ ಹಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೊವರೆಗೆ ಶುಲ್ಕ ಹಾಕಿದವು. ಬವೇರಿಯಾದಲ್ಲಿ 2013ರ ಆರಂಭದ ಜನಮನವಿಗೆ ಶೇಕಡ 10ಕ್ಕೂ ಹೆಚ್ಚು ಮತದಾರರು ಸಹಿ ಹಾಕಿ ಆ ಶುಲ್ಕವನ್ನು ತೆಗೆಸಿದರು, 2014ರಲ್ಲಿ ಕೊನೆಯ ರಾಜ್ಯವಾಗಿ ಲೋವರ್ ಸ್ಯಾಕ್ಸನಿಯೂ ಕೈಬಿಟ್ಟಿತು. ಜನರು ಸಹಿ ಹಾಕಿ ವಿಶ್ವವಿದ್ಯಾಲಯದ ಶುಲ್ಕ ತೆಗೆಸಿದ ಈ ಉದಾಹರಣೆಯನ್ನು ತರಗತಿಯಲ್ಲಿ ಹೇಳುವಾಗ ನನಗೆ ತುಂಬ ಸಂತೋಷವಾಗುತ್ತದೆ. ಇದರ ಜೊತೆಗೆ 1971ರಿಂದ ನಡೆದುಬಂದಿರುವ ಬಾಫೋಗ್ ಎಂಬ ನೆರವೂ ಅಲ್ಲಿದೆ: ಸಾಮಾನ್ಯವಾಗಿ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ, ಅದೂ ತಿಂಗಳು ತಿಂಗಳಿಗೆ.

ನಮ್ಮ ಕಾಲೇಜಿನಲ್ಲಿ ಪದವಿ ಮುಗಿಸಿದ ಕೊರಟಗೆರೆ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯ ಸ್ನಾತಕೋತ್ತರ ಪ್ರವೇಶದ ವಿವರಗಳನ್ನು ಮೊಬೈಲಿನಲ್ಲಿ ತೆರೆದುಕೊಂಡು ನನ್ನ ಬಳಿ ಬಂದಿದ್ದಳು. "ಮೇಡಂ, ಫೀಸು ಇಲ್ಲ ಅಂತ ಹಾಕಿದ್ದಾರೆ, ಮತ್ತೆ ಈ ಬ್ಲಾಕ್ಡ್ ಅಕೌಂಟ್ ಅಂದರೇನು?" ಎಂದು ಕೇಳಿದಳು. ವೀಸಾ ಬೇಕಾದರೆ ಒಂದು ವರ್ಷದ ಜೀವನ ವೆಚ್ಚವಾಗಿ 11,904 ಯೂರೊ ಖಾತೆಯಲ್ಲಿಟ್ಟು ತೋರಿಸಬೇಕು, ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ತೆಗೆಯಬಹುದು ಎಂದು ವಿವರಿಸಿದೆ. ಅವಳು ಕ್ಯಾಲ್ಕುಲೇಟರಿನಲ್ಲಿ ಗುಣಿಸಿದಾಗ ಹತ್ತು ಲಕ್ಷ ರೂಪಾಯಿ ದಾಟಿತು. ಅವಳ ಅಪ್ಪ ಎರಡು ಎಕರೆಯಲ್ಲಿ ರಾಗಿ, ಕಡಲೆಕಾಯಿ ಬೆಳೆದು ಡೈರಿಗೆ ಹಾಲು ಹಾಕುವವರು. ಪರದೇಶದ ತೆರಿಗೆದಾರರು ನಮ್ಮ ಮಕ್ಕಳ ಊಟವನ್ನೂ ನೋಡಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಶುಲ್ಕ ಸೊನ್ನೆಯಾದಾಗ ಉಳಿಯುವ ಖರ್ಚು ಎಷ್ಟು ದೊಡ್ಡದು ಎಂಬುದು ಆ ಹುಡುಗಿಯ ಮೊಬೈಲಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು.

ಯುರೋಪಿನ ಪದವಿಗಳನ್ನು ಪರಸ್ಪರ ಹೊಂದಿಸಲೆಂದು 1999ರಲ್ಲಿ 29 ದೇಶಗಳು ಸಹಿ ಹಾಕಿದ ಬೊಲೊನ್ಯಾ ಘೋಷಣೆಯ ನಂತರ ಎಲ್ಲೆಡೆ ಹರಡಿದ, ಓದಿನ ದುಡಿಮೆಯನ್ನು ಅಳೆಯುವ ಕ್ರೆಡಿಟ್ ವ್ಯವಸ್ಥೆಯಲ್ಲೂ ಇದೇ ಲೆಕ್ಕ ಅಡಗಿದೆ. ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ, ಮನೆಯಲ್ಲಿ ಕೂತು ಓದುವ ಹೊತ್ತೂ ಅದರಲ್ಲಿ ಸೇರಿದೆ. ಎಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ, ಪೂರ್ಣಾವಧಿ ನೌಕರಿಯಷ್ಟೇ ದುಡಿಮೆ. ಬಿಡುವಿಲ್ಲದೆ ದುಡಿಯಬೇಕಾದ ವಿದ್ಯಾರ್ಥಿ ಆ ಗಂಟೆಗಳನ್ನು ಎಲ್ಲಿಂದ ತರಬೇಕು? ನಮ್ಮಲ್ಲಿ ಕ್ರೆಡಿಟ್ಟನ್ನು ಬಹುಮಟ್ಟಿಗೆ ತರಗತಿಯ ಗಂಟೆಗಳಿಂದಲೇ ಅಳೆಯುವುದರಿಂದ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಧುಗಿರಿ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ನನ್ನ ವಿದ್ಯಾರ್ಥಿಗಳು ಕೊನೆಯ ತರಗತಿಯ ಅರ್ಧದಲ್ಲೇ ಬ್ಯಾಗು ಸರಿಮಾಡಿಕೊಳ್ಳುತ್ತಾರೆ. ಆ ಬಸ್ಸು ತಪ್ಪಿದರೆ ಊರು ಸೇರುವಾಗ ಕತ್ತಲಾಗಿರುತ್ತದೆ.

ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮದ ಬಗ್ಗೆ ಎರಡೂ ಸಲ ಸಾಕಷ್ಟು ಚರ್ಚೆಯಾಯಿತು, ಹಾಸ್ಟೆಲ್ ಸೀಟುಗಳ ಬಗ್ಗೆ ಅಷ್ಟು ಆಗಲಿಲ್ಲ. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಒಟ್ಟಿಗೆ ಕೊಡುವ ಸಿದ್ಧಗಂಗಾ ಮಠ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸರ್ಕಾರದ ಹೊಣೆಯನ್ನು ಮಠಗಳ ದಾಸೋಹಕ್ಕೆ ಬಿಟ್ಟು ಕೂರುವುದೂ ಸರಿಯಲ್ಲ. ನಮ್ಮ ಅನೇಕ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೈಸೇರುವುದು ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ, ಒಂದೇ ಕಂತಿನಲ್ಲಿ. ಅಷ್ಟರಲ್ಲಿ ರೂಮಿನ ಬಾಡಿಗೆಗೆ ಕೈಸಾಲ ಆಗಿಹೋಗಿರುತ್ತದೆ. ಡೆನ್ಮಾರ್ಕಿನಲ್ಲಿಯೂ ವಿದ್ಯಾರ್ಥಿ ಸಹಾಯಧನವನ್ನು ಪ್ರತಿ ತಿಂಗಳು ಕೊಡುತ್ತಾರೆ. ನಾವು ಅಷ್ಟು ದೊಡ್ಡ ಮೊತ್ತ ಕೊಡಲಾಗದಿದ್ದರೂ, ಈಗ ಮಂಜೂರಾಗುತ್ತಿರುವ ಹಣವನ್ನೇ ಹತ್ತು ಭಾಗ ಮಾಡಿ, ಕಾಲೇಜು ಶುರುವಾದ ತಿಂಗಳಿಂದಲೇ ವಿದ್ಯಾರ್ಥಿಯ ಖಾತೆಗೆ ಹಾಕುವುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.