ಜಾಲರಿಯ ಕೆಳಗೆ ಒಂದು ಹೊಳೆ

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ನಮ್ಮ ಬೀದಿಯಲ್ಲಿ ಕನ್ನಡದವರದೇ ಇನ್ನೊಂದು ಮನೆ ಇದೆ. ಅವರ ತಾಯಿ ಊರಿಂದ ಬಂದಿದ್ದಾರೆ. ಹೋದ ವಾರ ಆ ಹಿರಿಯರು ನೆಲ ಒರೆಸಿದ ಬಕೆಟ್ ನೀರನ್ನು ಹೊರಗೆ ತಂದು, ರಸ್ತೆ ಬದಿಯ ಕಬ್ಬಿಣದ ಜಾಲರಿಗೆ ಸುರಿಯಲು ಬಗ್ಗಿದರು. ಸೈಕಲ್ ತುಳಿಯುತ್ತಿದ್ದ ಪಕ್ಕದ ಮನೆಯ ಹುಡುಗಿ, ಎರಡನೇ ಕ್ಲಾಸಿನವಳು, ಗಕ್ಕನೆ ನಿಂತು ಜರ್ಮನ್‌ನಲ್ಲಿ ಏನೋ ಕೂಗಿದಳು. ಸೊಸೆ ಓಡಿ ಬಂದಳು. "ಅತ್ತೆ, ಅದಕ್ಕೆ ಸುರೀಬಾರದಂತೆ. ಸೀದಾ ಹೊಳೆಗೆ ಹೋಗುತ್ತಂತೆ, ಅಲ್ಲಿ ಮೀನಿದಾವಂತೆ. ಟಾಯ್ಲೆಟ್‌ಗೆ ಸುರೀಬೇಕಂತೆ." ಅತ್ತೆ ಬಕೆಟ್ ಕೆಳಗಿಟ್ಟು ಹುಡುಗಿಯನ್ನೇ ನೋಡಿದರು. "ಇಷ್ಟು ಚಿಕ್ಕ ಮಗೂಗೆ ಮೋರಿ ನೀರು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾ?"

ಗೊತ್ತು. ಇಲ್ಲಿ ಹೊಸ ಬಡಾವಣೆಗಳಲ್ಲಿ ರಸ್ತೆಯಡಿ ಎರಡು ಕೊಳವೆ ಬೇರೆ ಬೇರೆ ಹೋಗುತ್ತವೆ. ಅಡುಗೆಮನೆ, ಬಚ್ಚಲು, ಶೌಚಾಲಯದ ನೀರು ಒಂದರಲ್ಲಿ ಸಂಸ್ಕರಣಾ ಘಟಕಕ್ಕೆ. ಚಾವಣಿಯ ಮತ್ತು ರಸ್ತೆಯ ಮಳೆನೀರು ಇನ್ನೊಂದರಲ್ಲಿ, ಬಹಳ ಕಡೆ ಯಾವ ಸಂಸ್ಕರಣೆಯೂ ಇಲ್ಲದೆ, ಹತ್ತಿರದ ಹಳ್ಳಕ್ಕೆ. ಜಾಲರಿಯ ಕೆಳಗೆ ತೂತು ತೂತಿನ ಒಂದು ತಗಡಿನ ಬುಟ್ಟಿ ತೂಗುತ್ತದೆ. ಅದು ಎಲೆ, ಜಲ್ಲಿ, ಕಸಕಡ್ಡಿ ಹಿಡಿಯುತ್ತದೆ ಅಷ್ಟೇ. ಸೋಪು, ಎಣ್ಣೆ, ಬಣ್ಣ ಎಲ್ಲ ಅದರ ಮೂಲಕ ಇಳಿದುಹೋಗುತ್ತವೆ. ಗಾರೆ ಕೆಲಸ ಮುಗಿಸಿ ಬಾಂಡ್ಲಿ ತೊಳೆದ ಸಿಮೆಂಟ್ ನೀರಂತೂ ಸುಣ್ಣದ ತಿಳಿಯಷ್ಟೇ ತೀಕ್ಷ್ಣ ಕ್ಷಾರ, ಸಣ್ಣ ಹಳ್ಳದಲ್ಲಿ ಮೀನಿನ ಕಿವಿರು ಸುಡಲು ಸಾಕು. ಹಾಗಾಗಿ ಮನೆ ಮುಂದೆ ಸೋಪು ಹಾಕಿ ಕಾರು ತೊಳೆಯುವುದಕ್ಕೆ ಬಹುತೇಕ ಊರುಗಳಲ್ಲಿ ನಿಷೇಧವಿದೆ. ಎಣ್ಣೆ ಬೇರ್ಪಡಿಸುವ ತೊಟ್ಟಿ ಇರುವ ಕಡೆಗೇ ಒಯ್ಯಬೇಕು.

ಹಳೆಯ ಊರುಗಳಲ್ಲಿ ಎರಡೂ ನೀರಿಗೆ ಒಂದೇ ಕೊಳವೆ. ಅಲ್ಲಿ ಸಮಸ್ಯೆ ಬೇರೆ. ಜಡಿಮಳೆ ಬಂದಾಗ ಕೊಳವೆ ತುಂಬಿ, ಹೆಚ್ಚಾದದ್ದು ಕೊಳಚೆ ಸಮೇತ ನದಿಗೆ ಹೊರಳುತ್ತದೆ. ಇದನ್ನು ತಡೆಯಲು ನೆಲದಡಿ ದೊಡ್ಡ ದೊಡ್ಡ ತೊಟ್ಟಿ ಕಟ್ಟಿದ್ದಾರೆ, ಮಳೆ ನಿಂತ ಮೇಲೆ ನಿಧಾನವಾಗಿ ಘಟಕಕ್ಕೆ ಬಿಡುತ್ತಾರೆ. ಆದರೂ ಎಲ್ಲವನ್ನೂ ಹಿಡಿಯಲಾಗುವುದಿಲ್ಲ.

ನನಗೆ ಇಲ್ಲಿ ಹೆಚ್ಚು ಮೆಚ್ಚುಗೆಯಾಗಿರುವುದು ಮಳೆನೀರಿನ ಶುಲ್ಕ. ನಮ್ಮ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2010ರ ಒಂದು ನ್ಯಾಯಾಲಯದ ತೀರ್ಪಿನ ನಂತರ ಎಲ್ಲ ಊರುಗಳೂ ಒಳಚರಂಡಿ ಶುಲ್ಕವನ್ನು ಎರಡು ಭಾಗ ಮಾಡಬೇಕಾಯಿತು. ನಲ್ಲಿ ನೀರು ಬಳಸಿದಷ್ಟಕ್ಕೆ ಒಂದು ದರ, ನಿಮ್ಮ ಜಾಗದಲ್ಲಿ ಎಷ್ಟು ಚದರ ಮೀಟರ್ ನೆಲ ಮುಚ್ಚಿದ್ದೀರಿ ಎಂಬುದಕ್ಕೆ ಇನ್ನೊಂದು ದರ. ವಿಮಾನದಿಂದ ತೆಗೆದ ಚಿತ್ರದ ಆಧಾರದಲ್ಲಿ ನಕ್ಷೆ ಮಾಡಿ ಮನೆಗೆ ಕಳಿಸುತ್ತಾರೆ, ನಾವು ತಿದ್ದಿ ಸಹಿ ಹಾಕಬೇಕು. ಕಾಂಕ್ರೀಟ್ ಹಾಕಿದ ಅಂಗಳಕ್ಕೆ ಹೆಚ್ಚುಕಮ್ಮಿ ಪೂರ್ತಿ ಲೆಕ್ಕ. ನಡುವೆ ಹುಲ್ಲು ಬೆಳೆಯುವ ತೂತುಕಲ್ಲು ಹಾಸಿದ್ದರೆ ಕಡಿಮೆ. ಚಾವಣಿಯ ಮೇಲೆ ಮಣ್ಣು ಹಾಕಿ ಗಿಡ ಬೆಳೆಸಿದರೆ ಇನ್ನೂ ಕಡಿಮೆ. ನೀರು ಪೂರ್ತಿ ನಿಮ್ಮ ತೋಟದಲ್ಲೇ ಇಂಗಿದರೆ ಸೊನ್ನೆ. ನೆಲದ ಬಾಯಿ ಮುಚ್ಚಿದವರು ಅದರ ಖರ್ಚು ಕೊಡಬೇಕು ಅನ್ನುವ ಈ ನ್ಯಾಯ ಎಷ್ಟು ಸರಳ! ವಾಹನ ನಿಲ್ಲಿಸುವ ಜಾಗದ ಕಾಂಕ್ರೀಟ್ ಕಿತ್ತು ತೂತುಕಲ್ಲು ಹಾಕುವವರನ್ನು ಇಲ್ಲಿ ಈಗಲೂ ನೋಡಬಹುದು.

ಇದನ್ನೆಲ್ಲ ಕೇಳಿ ಇವರು ಹುಟ್ಟಾ ಪರಿಸರಪ್ರೇಮಿಗಳು ಎಂದುಕೊಳ್ಳಬೇಡಿ. ಸ್ಟುಟ್‌ಗಾರ್ಟ್ ಹುಟ್ಟಿ ಬೆಳೆದ ನೇಜೆನ್‌ಬಾಕ್ ಎಂಬ ಹೊಳೆಯನ್ನು ಇವರೇ ನೆಲದಡಿ ಹೂತು ಪಟ್ಟಣದ ಮುಖ್ಯ ಚರಂಡಿ ಮಾಡಿಕೊಂಡರು. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರು ಕೀಟನಾಶಕಗಳನ್ನು ಹೊತ್ತು ರೈನ್ ನದಿಗೆ ಇಳಿದು, ಕೆಳಗೆ ನೂರಾರು ಕಿಲೋಮೀಟರ್ ಉದ್ದಕ್ಕೆ ಹಾವುಮೀನುಗಳು ಸತ್ತು ತೇಲಿದವು. ಬೆಂಕಿ ಆರಿಸುವ ನೀರನ್ನೂ ಹಿಡಿದಿಡಲು ತೊಟ್ಟಿ ಇರಬೇಕು ಎಂಬ ಬುದ್ಧಿ ಗಟ್ಟಿಯಾದದ್ದು ಆಮೇಲೆ.

ಬೋಡನ್ ಸರೋವರದ ಕಥೆಯೂ ಹಾಗೆಯೇ. ಸ್ಟುಟ್‌ಗಾರ್ಟಿಗೆ ಅಲ್ಲಿಂದಲೂ ಕುಡಿಯುವ ನೀರು ಬರುತ್ತದೆ, 60 ಮೀಟರ್ ಆಳದಿಂದ ಎತ್ತುತ್ತಾರೆ. 1980ರ ಸುಮಾರಿಗೆ ಅದರಲ್ಲಿ ರಂಜಕ ಲೀಟರಿಗೆ 80 ಮೈಕ್ರೊಗ್ರಾಂ ದಾಟಿ, ಪಾಚಿ ಕಟ್ಟತೊಡಗಿತ್ತು. ಕಾರಣ ಊರಿನ ಕೊಳಚೆ, ಹೊಲದ ಗೊಬ್ಬರ ಮತ್ತು ಬಟ್ಟೆ ಸೋಪಿನ ಪುಡಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಕೆಲಸ ಕೆಡಿಸದಿರಲಿ ಎಂದು ಪುಡಿಗೆ ಫಾಸ್ಫೇಟ್ ಬೆರೆಸುತ್ತಿದ್ದರು. ಬಟ್ಟೆ ಬಿಟ್ಟು ಹೋದ ಫಾಸ್ಫೇಟ್ ಕೆರೆಗೆ ಗೊಬ್ಬರವಾಗುತ್ತದೆ. ಪಾಚಿ ಉಕ್ಕುತ್ತದೆ, ಸಾಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಮೀನು ಉಸಿರು ಕಟ್ಟಿ ಸಾಯುತ್ತದೆ. ಜರ್ಮನಿ 1980ರಲ್ಲಿ ಸೋಪಿನ ಪುಡಿಯ ಫಾಸ್ಫೇಟಿಗೆ ಮಿತಿ ಹಾಕಿತು. 2013ರಲ್ಲಿ ಇಡೀ ಯುರೋಪ್ ಒಕ್ಕೂಟ ಮನೆಬಳಕೆಯ ಬಟ್ಟೆ ಪುಡಿಯಲ್ಲಿ ಅದನ್ನು ಬಹುತೇಕ ನಿಲ್ಲಿಸಿತು. ಸಂಸ್ಕರಣಾ ಘಟಕಗಳೂ ರಂಜಕ ತೆಗೆಯತೊಡಗಿದವು. ಈಗ ಸರೋವರದಲ್ಲಿ 10 ಮೈಕ್ರೊಗ್ರಾಂಗಿಂತ ಕಡಿಮೆ. ಪುಡಿಯ ಡಬ್ಬದ ಮೇಲೆ ಮೆದು, ಮಧ್ಯಮ, ಗಡಸು ನೀರಿಗೆ ಎಷ್ಟೆಷ್ಟು ಹಾಕಬೇಕೆಂಬ ಕೋಷ್ಟಕ ಇರುತ್ತದೆ. ನಮ್ಮ ಊರಿನ ನೀರು ಎಷ್ಟು ಗಡಸು ಎಂದು ಜಲಮಂಡಳಿಯವರು ತಿಳಿಸುತ್ತಾರೆ.

ಈಗ ನಮ್ಮ ಬೆಂಗಳೂರು. ಅಲ್ಲಿ ಮೂವತ್ತು ವರ್ಷ ಬಾಳಿದವರನ್ನು ಕೇಳಿ ನೋಡಿ, ನಿಮ್ಮ ಬಚ್ಚಲ ನೀರು ಯಾವ ಹೊಳೆಗೆ ಸೇರುತ್ತದೆ ಎಂದು. ಊರಿನ ಪಶ್ಚಿಮದ ನೀರು ವೃಷಭಾವತಿಗೆ ಇಳಿದು, ಬೈರಮಂಗಲದ ಕೆರೆ ಹಾದು, ಅರ್ಕಾವತಿ ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತಂದ ಕಾವೇರಿಯೇ ಹೀಗೆ ಕೊಳೆತು ವಾಪಸಾಗುತ್ತಾಳೆ. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಇಳಿದು, ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತದೆ. ಅಲ್ಲಿಯೂ ನೊರೆ ಎದ್ದಿದೆ. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿದ್ದು, 2015ರಲ್ಲಿ, ಮತ್ತೆ 2017ರಲ್ಲಿ ಆ ಕೆರೆಗೆ ಬೆಂಕಿ ಹತ್ತಿದ್ದು ನಮಗೆಲ್ಲ ನೆನಪಿದೆ. ಆಗ ನಾವು ಸರ್ಕಾರವನ್ನು ಬೈದೆವು, ಕಾರ್ಖಾನೆಗಳನ್ನು ಬೈದೆವು. ಬೈಯಬೇಕಾದದ್ದೇ. ಆದರೆ ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು ಉಬ್ಬುವ ಆ ನೊರೆಯಲ್ಲಿ ಲಕ್ಷಾಂತರ ವಾಷಿಂಗ್ ಮೆಷಿನ್ನುಗಳ ಸೋಪೂ ಇದೆ.

ಹಳ್ಳಿಮನೆಗಳಲ್ಲಿ ಈ ಮರೆವು ಸಾಧ್ಯವೇ ಇರಲಿಲ್ಲ. ಮಲೆನಾಡಿನಲ್ಲಿ ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹಿತ್ತಿಲಿಗೆ ಹರಿದು ಬಾಳೆ ಬುಡಕ್ಕೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಪಾತ್ರೆಗೆ ಬೂದಿ, ತಲೆಗೆ ಸೀಗೆ, ರೇಷ್ಮೆಗೆ ಅಂಟುವಾಳ. ಆ ಕೆಸುವಿನ ಎಲೆಯನ್ನೇ ಕೊಯ್ದು ಪತ್ರೊಡೆ ಮಾಡುತ್ತಿದ್ದರು. ಬಚ್ಚಲಿಗೆ ಕೆಟ್ಟದ್ದು ಸುರಿದರೆ ನಾಳೆ ಎಲೆ ಬಾಡುವುದು ಕಣ್ಣಿಗೇ ಕಾಣುತ್ತಿತ್ತು. ಊರಲ್ಲಿ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಕೊಳವೆ ಹೂತು, ಮುಚ್ಚಳ ಹಾಕಿದ ಮೇಲೆ ನೀರಿನ ಮೇಲಿನ ಕಣ್ಣೇ ತಪ್ಪಿಹೋಯಿತು.

ತಾರಸಿ ನೀರಿನ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿದೆ. 30x40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ 970 ಮಿಲಿಮೀಟರ್ ಹಿಡಿದರೂ, ವರ್ಷಕ್ಕೆ ಒಂದು ಲಕ್ಷ ಲೀಟರ್ ಮೀರಿದ ನೀರು ಆ ಒಂದು ಸೈಟಿನ ಮೇಲೆ ಬೀಳುತ್ತದೆ. ಇಂಥ ಸೈಟಿನಲ್ಲಿ ಹೊಸ ಮನೆ ಕಟ್ಟುವವರು ಇದನ್ನು ಹಿಡಿಯಬೇಕೆಂಬ ಕಾನೂನು 2009ರಿಂದಲೂ ಇದೆ. ಎಷ್ಟೋ ಮನೆಗಳಲ್ಲಿ ಆಗಿರುವುದೇನೆಂದರೆ, ತಾರಸಿ ಪೈಪನ್ನು ಪ್ಲಂಬರ್ ಹತ್ತಿರದ ಯುಜಿಡಿ (ಒಳಚರಂಡಿ) ಛೇಂಬರಿಗೇ ತಿರುಗಿಸಿಬಿಟ್ಟಿರುತ್ತಾನೆ. ಆ ಕೊಳವೆ ಮಳೆಯ ಅಳತೆಗೆ ಮಾಡಿದ್ದಲ್ಲ. ಜೋರು ಮಳೆ ಬಂದ ಅರ್ಧ ಗಂಟೆಗೆ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಗಳ ಬಚ್ಚಲಲ್ಲಿ ಕೊಳಚೆ ಮೇಲೇರುತ್ತದೆ. ಮೇಲಿನ ಬೀದಿಯವರು ಬಿಟ್ಟ ಶುದ್ಧ ಮಳೆನೀರೇ ಕೆಳಗಿನ ಬೀದಿಯವರ ಮನೆಗೆ ಹೊಲಸಾಗಿ ನುಗ್ಗುವುದು. ಕಟ್ಟಿಕೊಂಡದ್ದನ್ನು ಬಿಡಿಸಲು ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವ ಪಾಪ, ಅದನ್ನು ನಿಷೇಧಿಸಿದ 2013ರ ಕಾಯ್ದೆಯ ನಂತರವೂ ನಿಂತಿಲ್ಲ. ನೋವಾಗುತ್ತದೆ ಇದನ್ನು ಬರೆಯಲು.

ಜರ್ಮನಿಯಲ್ಲಿ ಇಂಥ ತಪ್ಪು ಜೋಡಣೆ ಹುಡುಕಲು ಕೊಳಚೆ ಕೊಳವೆಯೊಳಗೆ ಹೊಗೆ ಊದುತ್ತಾರೆ. ಯಾವ ಮನೆಯ ಚಾವಣಿಯ ಮಳೆನೀರಿನ ಪೈಪಿನಿಂದ ಹೊಗೆ ಬರುತ್ತದೋ ಆ ಮನೆಗೆ ಪತ್ರ ಬರುತ್ತದೆ. ನಮ್ಮಲ್ಲಿ ಅಷ್ಟೆಲ್ಲ ಬೇಡ. ಭರಣಿ ಮಳೆ ಶುರುವಾಗುವ ಮೊದಲು, ಮಳೆ ಇಲ್ಲದ ದಿನ, ಅಡುಗೆ ಬಣ್ಣ ಗಾಢವಾಗಿ ಕಲಸಿದ ಎರಡು ಬಕೆಟ್ ನೀರನ್ನು ತಾರಸಿಯ ಪೈಪಿಗೆ ಸುರಿಯಿರಿ. ಒಬ್ಬರು ಕೆಳಗೆ ನಿಮ್ಮದೇ ಛೇಂಬರಿನ ಮುಚ್ಚಳ ತೆಗೆದು ದೂರ ನಿಂತು ನೋಡಲಿ. ಬಗ್ಗಬಾರದು, ಇಳಿಯಲಂತೂ ಬಾರದು, ವಿಷಾನಿಲ ಇರುತ್ತದೆ. ಬಣ್ಣ ಅಲ್ಲಿ ಕಂಡರೆ ಪೈಪು ತಪ್ಪಾಗಿದೆ ಎಂದೇ ಅರ್ಥ.

ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಪೈಪನ್ನು ಮರಳಿನ ಸೋಸುಕಕ್ಕೆ (ಫಿಲ್ಟರಿಗೆ), ಅಲ್ಲಿಂದ ಸಂಪಿಗೋ ಇಂಗುಬಾವಿಗೋ ತಿರುಗಿಸಬೇಕು. ಇಂಗುಬಾವಿ ಮೂರಡಿ ಅಗಲ, ಇಪ್ಪತ್ತಡಿ ಆಳ ಸಾಕು. ಸಿಮೆಂಟ್ ಬಳೆ ಇಳಿಸಿ, ತಳಕ್ಕೆ ಕಾಂಕ್ರೀಟ್ ಹಾಕದೆ ಬಿಡಬೇಕು. ಬೆಂಗಳೂರಿನ ಸುತ್ತ ಇದನ್ನು ತಲೆತಲಾಂತರದಿಂದ ಬಲ್ಲ ಮಣ್ಣು ವಡ್ಡರು ಇದ್ದಾರೆ, ಅವರನ್ನೇ ಕರೆಯಿರಿ. ಮೊದಲ ಮಳೆಯ ಧೂಳುನೀರು ಒಳಗೆ ಹೋಗಬಾರದು. ನೂರು ಚದರ ಮೀಟರ್ ತಾರಸಿಗೆ ಮೊದಲ 2 ಮಿಲಿಮೀಟರ್ ಮಳೆ, ಅಂದರೆ 200 ಲೀಟರ್, ಹೊರಗೆ ಗಿಡಗಳಿಗೆ ಹೋಗುವಂತೆ ಒಂದು ವಾಲ್ವ್ ಇರಲಿ. ಕೆಡುವುದು ಬಹುತೇಕ ಸೋಸುಕದಲ್ಲೇ. ಮೇಲಿನ ಮರಳು ಎಲೆ, ಪಾರಿವಾಳದ ಹಿಕ್ಕೆ ಸೇರಿ ಕಟ್ಟಿಕೊಂಡು ನೀರು ತಾರಸಿಯಲ್ಲಿ ನಿಲ್ಲುತ್ತದೆ, ಸಿಟ್ಟಿಗೆದ್ದ ಮನೆಯವರು ಪೈಪನ್ನು ಮತ್ತೆ ಛೇಂಬರಿಗೇ ತಿರುಗಿಸುತ್ತಾರೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಆ ಮರಳಿನ ಮೇಲಿನ ಎರಡಿಂಚು ತೆಗೆದು ತೊಳೆದು ಹಾಕಿದರೆ ಆ ಗತಿ ಬರುವುದಿಲ್ಲ.