ಮನೆಮಂದಿ ಗಟ್ಟಿಮುಟ್ಟಾಗಿರುವಾಗಲೇ ಮುಗಿಸಿಡಬೇಕಾದ ಫ್ಲೂ ತಯಾರಿ

2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್1ಎನ್1 ಎಂಬ ಫ್ಲೂ ವೈರಸ್ಸಿನ ಹಾವಳಿಯನ್ನು ಜಾಗತಿಕ ಪಿಡುಗು ಎಂದು ಸಾರಿತು. ಆ ಹೊಸ ವೈರಸ್ಸಿಗೆ ತಕ್ಕ ಲಸಿಕೆ ಕೈಗೆ ಸಿಗಲು ತಿಂಗಳುಗಳೇ ಹಿಡಿದವು. ಮುಂದೆ ಇಂಥದ್ದು ಬಂದರೂ ಮೊದಲ ಕೆಲವು ತಿಂಗಳು ಭಾರ ಬೀಳುವುದು ಮನೆಯ ಮೇಲೆ, ಬೀದಿಯ ಮೇಲೆ. ಆ ತಿಂಗಳುಗಳಿಗಾಗಿ ಈ ಬರಹ.

ಪ್ರತಿವರ್ಷದ ಫ್ಲೂ ಲಸಿಕೆಯನ್ನು ಬಿಡಬೇಡಿ. ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಲಸಿಕೆ ಕೆಲಸ ಶುರುಮಾಡಲು ಎರಡು ವಾರ ಬೇಕು. ಮೇ ಮುಗಿಯುವುದರೊಳಗೆ ಹಾಕಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಗರ್ಭಿಣಿಯರು, ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದ್ರೋಗ ಇರುವವರು ಮೊದಲು. ಒಂಬತ್ತು ವರ್ಷದೊಳಗಿನ ಮಗುವಿಗೆ ಇದೇ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಇನ್ನು ಮನೆಯೊಳಗೆ. ಔಷಧಿ ತರುವ ಮುಂಚೆ ಎರಡು ವಿಷಯ ತೀರ್ಮಾನವಾಗಬೇಕು: ಕಾಯಿಲೆಯವರು ಎಲ್ಲಿ ಮಲಗುತ್ತಾರೆ, ನೋಡಿಕೊಳ್ಳುವವರು ಯಾರು. ಎಲ್ಲರೂ ಸರದಿಯಲ್ಲಿ ಹೋಗಿ ಮಾತಾಡಿಸಿ ಬರುವ ನಮ್ಮ ಪ್ರೀತಿಯೇ ಸೋಂಕನ್ನು ಮನೆಯೆಲ್ಲ ಹಂಚುತ್ತದೆ. ಆರೋಗ್ಯವಾಗಿರುವ ಒಬ್ಬರೇ ನೋಡಿಕೊಳ್ಳಲಿ. ಬಸುರಿ ಸೊಸೆಯಾಗಲಿ, ಅಜ್ಜಿಯಾಗಲಿ ಆ ಕೆಲಸಕ್ಕೆ ಬೇಡ. ಆ ಒಬ್ಬರೂ ಮಲಗಿದರೆ ಯಾರು ಎಂಬುದೂ ಈಗಲೇ ಗೊತ್ತಿರಲಿ. ಒಂದೇ ಕೋಣೆಯ ಮನೆಯಾದರೆ ಕಿಟಕಿ ಪಕ್ಕ ಕಾಯಿಲೆಯವರ ಹಾಸಿಗೆ, ಉಳಿದವರದ್ದು ಆದಷ್ಟು ದೂರ, ಕಾಯಿಲೆಯವರ ಮುಖಕ್ಕೆ ಮಾಸ್ಕ್. ಔಷಧಿಯಿಲ್ಲದೆ ಇಪ್ಪತ್ತನಾಲ್ಕು ಗಂಟೆ ಜ್ವರ ಬಾರದಿದ್ದರೆ ಮಾತ್ರ ಶಾಲೆ, ಕೆಲಸ.

ಪೆಟ್ಟಿಗೆಯಲ್ಲಿ ಇರಬೇಕಾದದ್ದು ಬಹಳವಿಲ್ಲ: ಥರ್ಮಾಮೀಟರ್, ಪ್ಯಾರಸಿಟಮಾಲ್, ಹತ್ತು ಪೊಟ್ಟಣ ಓಆರ್‌ಎಸ್, ಮೂರು ಪದರದ ಮಾಸ್ಕ್, ಸೋಪು. ಬಿಪಿ, ಶುಗರ್ ಮಾತ್ರೆ, ಇನ್‌ಹೇಲರ್ ಎರಡು ವಾರಕ್ಕಾಗುವಷ್ಟು ಮುಂಗಡವಾಗಿರಲಿ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಪ್ರತಿ ಮನೆಗೂ ಬೇಕಿಲ್ಲ, ಬೀದಿಗೊಂದು ಸಾಕು. ಬೆರಳು ತಣ್ಣಗಿದ್ದರೆ, ಉಗುರುಬಣ್ಣವಿದ್ದರೆ ಅದು ತಪ್ಪು ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿ, ಐದು ನಿಮಿಷ ಕೂತು, ಅಂಕಿ ನಿಂತ ಮೇಲೆ ಓದಿ. 94ಕ್ಕಿಂತ ಕಡಿಮೆಯಾದರೆ ಆಸ್ಪತ್ರೆ.

ಮಕ್ಕಳ ಪ್ಯಾರಸಿಟಮಾಲ್ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ದಾಟಬಾರದು. 5 ಮಿ.ಲೀ.ಗೆ 120 ಮಿ.ಗ್ರಾಂ ಎಂದು ಬರೆದ ಸಿರಪ್ಪಿನಲ್ಲಿ ಅದು ಸುಮಾರು 6 ಮಿ.ಲೀ.; 5 ಮಿ.ಲೀ.ಗೆ 250 ಇರುವುದರಲ್ಲಿ 3 ಮಿ.ಲೀ.; 1 ಮಿ.ಲೀ.ಗೆ 100 ಇರುವ ಹನಿ ಔಷಧಿಯಲ್ಲಿ ಬರೀ ಒಂದೂವರೆ ಮಿ.ಲೀ. ಹಳೆಯ ಬಾಟಲಿ ಖಾಲಿಯಾಯಿತೆಂದು ಹನಿ ಔಷಧಿ ತಂದು, ಅದೇ 6 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ನಾಲ್ಕು ಪಟ್ಟು. ಪೆಟ್ಟು ಬೀಳುವುದು ಲಿವರ್‌ಗೆ. ವೈದ್ಯರಿಂದ ಅಳತೆ ಕೇಳಿ ಬಾಟಲಿಯ ಮೇಲೆಯೇ ದಪ್ಪಗೆ ಬರೆದಿಡಿ. ಚಮಚದಲ್ಲಿ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ದೊಡ್ಡವರೂ ನೆನಪಿಡಿ: ಹಲವು ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ.

ಓಆರ್‌ಎಸ್‌ನ ಒಂದು ಲೀಟರ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಚೂರುಚೂರು ಸುರಿದುಕೊಂಡರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಪೊಟ್ಟಣ ಇಲ್ಲವೇ? ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಪ್ಪತ್ತನಾಲ್ಕು ಗಂಟೆ ಕಳೆದದ್ದನ್ನು ಚೆಲ್ಲಿ. ಗಂಜಿ, ಸಾರು, ಶುಂಠಿ ಕಷಾಯ ಎಲ್ಲವೂ ಒಳ್ಳೆಯದೇ, ಗಂಟಲಿಗೆ ಹಿತ. ಆದರೆ ಕಷಾಯ ಕೊಟ್ಟಿದ್ದೇವಲ್ಲ ಎಂದು ಆಸ್ಪತ್ರೆ ಮುಂದೂಡಬಾರದು. ಮಕ್ಕಳನ್ನು ಕುದಿನೀರಿನ ಪಾತ್ರೆಯ ಮುಂದೆ ಹಬೆಗೆ ಕೂರಿಸಬೇಡಿ. ಪಾತ್ರೆ ಮಗುಚಿದರೆ ಜ್ವರಕ್ಕಿಂತ ದೊಡ್ಡ ಗಾಯ.

ಉಸಿರು ಎಣಿಸುವುದನ್ನು ಪ್ರತಿ ತಾಯಿತಂದೆ ಕಲಿಯಬೇಕು. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಎಂದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ತಡಮಾಡಬೇಡಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ನೇರ 108.

ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಮನೆಯಲ್ಲಿ ಕೂಡಿಡುವುದು ತಪ್ಪು. ಅದು ವೈದ್ಯರ ಚೀಟಿಯ ಔಷಧಿ. ಜ್ವರ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ ಹೆಚ್ಚು ಫಲ. ಬಸುರಿಯರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು "ನಾಳೆ ನೋಡೋಣ" ಎನ್ನದೆ ಮೊದಲ ದಿನವೇ ವೈದ್ಯರ ಬಳಿ ಹೋಗಬೇಕಾದದ್ದು ಇದಕ್ಕೇ. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ.

ಬೀದಿಯ ಕೆಲಸಕ್ಕೆ ಒಂದು ನೋಟ್‌ಬುಕ್ ಸಾಕು. ಒಂಟಿ ವೃದ್ಧರು, ಬಸುರಿಯರು, ಡಯಾಲಿಸಿಸ್‌ಗೆ ಹೋಗುವವರು ಯಾವ ಮನೆಯಲ್ಲಿದ್ದಾರೆ ಎಂದು ಆಶಾ ಕಾರ್ಯಕರ್ತೆಯ ಜೊತೆ ಕೂತು, ಅವರವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಎರಡೆರಡು ಮನೆ ಜೋಡಿ ಮಾಡಿ: ಒಂದು ಮನೆ ಮಲಗಿದರೆ ಇನ್ನೊಂದು ಮನೆಯವರು ಹಾಲು, ಔಷಧಿ, ಊಟ ಬಾಗಿಲ ಬಳಿ ಇಟ್ಟು, ಬೆಳಿಗ್ಗೆ ಸಂಜೆ ಫೋನ್ ಮಾಡಬೇಕು. ರಾತ್ರಿ ಹೊತ್ತು ಬರುವ ಆಟೋದವರ ನಂಬರ್ ಬಾಗಿಲ ಹಿಂದೆ ಅಂಟಿಸಿರಲಿ. ಬೀದಿಗೆಲ್ಲ ಬ್ಲೀಚಿಂಗ್ ಪುಡಿ ಎರಚುವುದಕ್ಕಿಂತ ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು ಒರೆಸುವುದು ಮೇಲು. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಜೋಡಿ ಮನೆಯವರು ಜ್ವರ ಬಿಟ್ಟ ಮೇಲೂ ಒಂದು ವಾರ ಫೋನ್ ನಿಲ್ಲಿಸಬಾರದು. ಜ್ವರ ಇಳಿದು, ಎರಡು ದಿನ ಚೆನ್ನಾಗಿದ್ದು, ಮತ್ತೆ ಜ್ವರ, ಕೆಮ್ಮು, ಎದೆನೋವು ಏರಿದರೆ ಅದು ಫ್ಲೂ ಹಿಂದೆಯೇ ಬರುವ ನ್ಯುಮೋನಿಯಾ ಇರಬಹುದು. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.